ಒಂದು ಎಡಿಷನ್ನಿನ ರೂಲನ್ನು ಇನ್ನೊಂದಕ್ಕೆ ತರುವುದು ಹೇಗೆ: ಡಿ ಅಂಡ್ ಡಿ ಆಡುವವರಿಗೆ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಹಾಸನದ ಕಡೆ ನಾನು ಕಂಡ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ: ಪಾತ್ರ ಧರಿಸಿ, ದಾಳ ಉರುಳಿಸಿ ಕಥೆ ಕಟ್ಟುವ ಆಟ) ಟೇಬಲ್ಲುಗಳಲ್ಲಿ ಎಲ್ಲರ ಕೈಯಲ್ಲೂ ಒಂದೇ ಎಡಿಷನ್ನಿನ ಪುಸ್ತಕ ಇದ್ದದ್ದು ಕಡಿಮೆ. ಒಬ್ಬರ ಬಳಿ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇರುತ್ತದೆ, ಇನ್ನೊಬ್ಬರು ಬೆಂಗಳೂರಿನಿಂದ ಹಬ್ಬಕ್ಕೆ ಬರುವಾಗ 2024ರದ್ದು ತಂದಿರುತ್ತಾರೆ, ಹಾಸ್ಟೆಲಿನ ಕಪಾಟಿನಲ್ಲಿ ಸೀನಿಯರ್ ಯಾರೋ ಬಿಟ್ಟುಹೋದ 3.5ನೇ ಎಡಿಷನ್ ಇರುತ್ತದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ "ಅದು ಹಾಗಲ್ಲ, ನನ್ನ ಪುಸ್ತಕದಲ್ಲಿ ಬೇರೆ ಇದೆ" ಎನ್ನುವ ಮಾತು ಬಂದೇ ಬರುತ್ತದೆ.

ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ನಮ್ಮಲ್ಲಿ ಚೌಕಾಬಾರಕ್ಕೂ ಊರಿಗೊಂದು ರೂಲು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂದು ಒಂದು ಮನೆಯವರು, ಹೋಗಬಹುದು ಎಂದು ಇನ್ನೊಂದು ಮನೆಯವರು. ರಜೆಗೆ ಬಂದ ನೆಂಟರ ಮಕ್ಕಳು ಕವಡೆ ಕೈಗೆತ್ತಿಕೊಳ್ಳುವ ಮುಂಚೆಯೇ ಅದನ್ನು ಇತ್ಯರ್ಥ ಮಾಡಿಕೊಳ್ಳುತ್ತಾರೆ. ಡಿ ಅಂಡ್ ಡಿಯಲ್ಲಿ ತೊಡಕು ಹೆಚ್ಚು, ಏಕೆಂದರೆ ಅಲ್ಲಿ ಒಂದು ರೂಲಿನ ಬೇರು ಇನ್ನು ಹತ್ತು ರೂಲುಗಳ ಅಡಿಗೆ ಹೋಗಿರುತ್ತದೆ. ಆದ್ದರಿಂದ ನನ್ನ ಸಲಹೆ ಒಂದೇ: ರೂಲಿನ ಅಂಕಿಯನ್ನು ತರಬೇಡಿ, ಆ ರೂಲು ತನ್ನ ಎಡಿಷನ್ನಿನಲ್ಲಿ ಮಾಡುತ್ತಿದ್ದ ಕೆಲಸವನ್ನು ತನ್ನಿ. ಅದನ್ನು ತಂದರೆ ಟೇಬಲ್ಲಿನಲ್ಲಿ ಯಾರು ಏನು ಕಳೆದುಕೊಳ್ಳುತ್ತಾರೆ ಎಂದು ಮೊದಲೇ ನೋಡಿ. ಕೆಳಗಿನ ಹಂತಗಳೆಲ್ಲ ಈ ಎರಡು ಮಾತಿನ ವಿಸ್ತರಣೆ.

ಹಂತ 1: ಒಂದು ಎಡಿಷನ್ನನ್ನು ಮನೆ ಮಾಡಿಕೊಳ್ಳಿ

ಅರ್ಧ ಇದು ಅರ್ಧ ಅದು ಎಂದು ಆಟ ನಡೆಯುವುದಿಲ್ಲ. ಒಂದು ಎಡಿಷನ್ ಮನೆ, ಉಳಿದವು ನೆಂಟರು. ರೂಲು ಎಲ್ಲೂ ಸಿಗದಿದ್ದಾಗ, ಜಗಳ ಬಂದಾಗ, ಮನೆಯ ಎಡಿಷನ್ ಹೇಳಿದ್ದೇ ಕೊನೆ. ಯಾವುದನ್ನು ಆರಿಸಬೇಕು ಎಂದರೆ, ಟೇಬಲ್ಲಿನಲ್ಲಿ ಅತಿ ಕಡಿಮೆ ಓದುವ ಆಟಗಾರನ ಬಳಿ ಯಾವ ಪುಸ್ತಕ ಇದೆಯೋ ಅದನ್ನು. ಓದುವ ಹುಮ್ಮಸ್ಸಿರುವವರು ಹೇಗೂ ಹೊಂದಿಕೊಳ್ಳುತ್ತಾರೆ.

ಯಾವ ಎಡಿಷನ್ ಯಾವ ಕಾಲದ್ದು ಎಂದು ತಿಳಿದಿರಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ಮೊದಲ ಆಟ 1974ರದ್ದು. 1977ರಿಂದ ಅದು ಬೇಸಿಕ್ ಮತ್ತು ಅಡ್ವಾನ್ಸ್ಡ್ ಎಂದು ಎರಡು ಕವಲಾಯಿತು. 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಸೆಟ್‌ಗಳನ್ನು ಆಡುವವರು ಬಿ-ಎಕ್ಸ್ ಎನ್ನುತ್ತಾರೆ. ಅಡ್ವಾನ್ಸ್ಡ್ ಕವಲಿನ ಎರಡನೇ ಎಡಿಷನ್ 1989ರಲ್ಲಿ ಬಂತು. 1997ರಲ್ಲಿ, ಆಟವನ್ನು ಪ್ರಕಟಿಸುತ್ತಿದ್ದ ಟಿಎಸ್ಆರ್ ಕಂಪನಿಯನ್ನು ವಿಜಾರ್ಡ್ಸ್ ಆಫ್ ದ ಕೋಸ್ಟ್ ಕೊಂಡುಕೊಂಡಿತು. 2000ದಲ್ಲಿ ಮೂರನೆಯದು, 2003ರಲ್ಲಿ 3.5, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು, 2024ರಲ್ಲಿ ಐದನೆಯದರ ಪರಿಷ್ಕರಣೆ. ದೊಡ್ಡ ಬಿರುಕು ಇರುವುದು 2000ದಲ್ಲಿ. ಅದಕ್ಕೆ ಹಿಂದಿನ ಆಟದಲ್ಲಿ ಆರ್ಮರ್ ಕ್ಲಾಸ್ (ಎಸಿ, ಹೊಡೆತ ತಾಗುವುದು ಎಷ್ಟು ಕಷ್ಟ ಎಂಬ ಅಂಕಿ) ಕಡಿಮೆಯಾದಷ್ಟೂ ಒಳ್ಳೆಯದು, ಆಮೇಲಿನದರಲ್ಲಿ ಹೆಚ್ಚಾದಷ್ಟೂ ಒಳ್ಳೆಯದು.

ಮುಂದಿನ ಉದಾಹರಣೆಗಳಲ್ಲಿ ಮನೆ 2014ರ ಐದನೇ ಎಡಿಷನ್ ಎಂದಿಟ್ಟುಕೊಂಡಿದ್ದೇನೆ.

ಹಂತ 2: ಕೊರತೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಬಿ-ಎಕ್ಸ್ ರೂಲು ಚೆನ್ನಾಗಿದೆ, ತರೋಣ" ಎಂದರೆ ಸಾಲದು. "ನಮ್ಮ ಯುದ್ಧಗಳಲ್ಲಿ ಕೊನೆಯ ಗಾಬ್ಲಿನ್ (ಪುಟ್ಟ ರಾಕ್ಷಸ) ಕೂಡ ಸಾಯುವವರೆಗೆ ಹೊಡೆದಾಡುತ್ತದೆ, ಇದರಿಂದ ಬೇಸರವಾಗಿದೆ" ಎಂದು ಬರೆದರೆ ಅದು ಕೊರತೆ. ವಾಕ್ಯದಲ್ಲಿ ಎಡಿಷನ್ನಿನ ಹೆಸರೇ ಬರಬಾರದು. ಹೀಗೆ ಬರೆಯಲು ಕೂತಾಗ ಬಹಳ ಸಲ ಕೊರತೆಗೆ ಮದ್ದು ಮನೆಯ ಪುಸ್ತಕದಲ್ಲೇ ಸಿಗುತ್ತದೆ. ಆಟ ನಡೆಸುವ ಡಂಜನ್ ಮಾಸ್ಟರ್‌ಗಾಗಿ (ಡಿಎಂ) ಇರುವ ಡಂಜನ್ ಮಾಸ್ಟರ್ಸ್ ಗೈಡಿನ ಐಚ್ಛಿಕ ರೂಲುಗಳ ಪುಟಗಳನ್ನು ಓದದೆ ಬಿಟ್ಟವರೇ ಹೆಚ್ಚು.

ಹಂತ 3: ಬೇರು ಎಲ್ಲಿದೆ ನೋಡಿ

ರೂಲನ್ನು ಅದರ ಸ್ವಂತ ಪುಸ್ತಕದಲ್ಲಿ ಓದಿ. ಓದುವಾಗ ಮೂರು ಕಡೆ ಕಣ್ಣಿಡಿ. ಅದು ಯಾವ ಅಳತೆಯ ಅಂಕಿಗಳನ್ನು ನಂಬಿದೆ? ವಿಶ್ರಾಂತಿ, ಗಾಯ ಮಾಯುವುದು ಆ ಆಟದಲ್ಲಿ ಎಷ್ಟು ನಿಧಾನ? ಆಟಗಾರರ ಕೈಯಲ್ಲಿ ಆಗ ಯಾವ ಶಕ್ತಿಗಳು ಇರಲಿಲ್ಲ?

ಮೂರನೆಯದನ್ನೇ ಎಲ್ಲರೂ ಮರೆಯುವುದು. ಪಂಜಿನ ಲೆಕ್ಕವನ್ನು ತೆಗೆದುಕೊಳ್ಳಿ. ಬಿ-ಎಕ್ಸ್‌ನಲ್ಲಿ ಹತ್ತು ನಿಮಿಷಕ್ಕೆ ಒಂದು ಟರ್ನ್, ಒಂದು ಪಂಜು ಆರು ಟರ್ನ್ ಉರಿಯುತ್ತದೆ, ಎರಡು ಟರ್ನಿಗೊಮ್ಮೆ ಡಿ6 (ಆರು ಮುಖದ ದಾಳ) ಉರುಳಿಸಿ 1 ಬಿದ್ದರೆ ಯಾವುದೋ ಪ್ರಾಣಿ ಎದುರಾಗುತ್ತದೆ. ಪಂಜು ಮುಗಿಯುವ ಮುಂಚೆ ಹೊರಗೆ ಬರಬೇಕೆಂಬ ಒತ್ತಡವೇ ಆ ಆಟದ ಜೀವಾಳ. ಅದನ್ನು ಐದನೆಯದಕ್ಕೆ ತಂದು ನೋಡಿ: ಪಂಜು ಅಲ್ಲೂ ಒಂದು ಗಂಟೆಯೇ ಉರಿಯುತ್ತದೆ, ಅಂಕಿ ಸರಿಯಾಗಿಯೇ ಇದೆ. ಆದರೆ ಬೆಳಕಿನ ಮಂತ್ರ ಲೈಟ್ ಈಗ ಕ್ಯಾಂಟ್ರಿಪ್, ಅಂದರೆ ಖರ್ಚಾಗದ ಮಂತ್ರ. ಎಷ್ಟು ಸಲ ಬೇಕಾದರೂ ಹಾಕಬಹುದು, ಹಾಕಿದಾಗಲೆಲ್ಲ ಒಂದು ಗಂಟೆ ಬೆಳಕು. ಹಳೆಯ ಆಟದಲ್ಲಿ ಅದು ಮೊದಲ ಲೆವೆಲ್ ಮಂತ್ರ, ಹಾಕಿದರೆ ಆ ದಿನಕ್ಕೆ ಖರ್ಚಾಯಿತು. ಜೊತೆಗೆ ಡ್ವಾರ್ಫ್, ಎಲ್ಫ್, ನೋಮ್, ಟೀಫ್ಲಿಂಗ್ ಕುಲದವರೆಲ್ಲರಿಗೂ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ). ಪಂಜಿನ ರೂಲು ಕಾಗದದ ಮೇಲೆ ಇರುತ್ತದೆ, ಟೇಬಲ್ಲಿನಲ್ಲಿ ಯಾರಿಗೂ ಅದರ ನೆನಪಿರುವುದಿಲ್ಲ.

ಇಲ್ಲಿ ಎರಡು ದಾರಿ. ಲೈಟನ್ನು ಮೊದಲ ಲೆವೆಲ್ಲಿಗೆ ಏರಿಸಿ, ಡಾರ್ಕ್‌ವಿಷನ್ ಇರುವವರ ಸಂಖ್ಯೆ ಕಡಿಮೆ ಮಾಡಿ, ಪಂಜನ್ನು ಪೂರ್ತಿ ತನ್ನಿ. ಇಲ್ಲವೇ ಪಂಜನ್ನು ಬಿಟ್ಟು ಒತ್ತಡವನ್ನು ಮಾತ್ರ ತನ್ನಿ: ಹತ್ತು ನಿಮಿಷದ ಟರ್ನ್, ಎರಡು ಟರ್ನಿಗೊಮ್ಮೆ ಡಿ6. ನಾನು ಎರಡನೆಯದನ್ನೇ ಹೇಳುತ್ತೇನೆ. ಗದ್ದಲ ಮಾಡಿದರೆ, ಬೀಗ ಒಡೆಯಲು ಕೂತರೆ, ಸುಮ್ಮನೆ ಚರ್ಚೆ ಮಾಡುತ್ತಾ ನಿಂತರೆ ಟರ್ನ್ ಕಳೆಯುತ್ತದೆ ಎಂದು ಗೊತ್ತಾದ ಕೂಡಲೇ ಟೇಬಲ್ ಚುರುಕಾಗುತ್ತದೆ.

ಹಂತ 4: ಅಂಕಿ ಬದಲಾಯಿಸುವುದು, ಎಲ್ಲಿ ಬದಲಾಯಿಸಬಾರದು

ಗಣಿತ ಸುಲಭ. ಹಳೆಯ ಎಸಿಯನ್ನು 20ರಿಂದ ಕಳೆದರೆ ಹೊಸ ಎಸಿ. ಥ್ಯಾಕೊವನ್ನು (ಎಸಿ 0 ಇರುವವರಿಗೆ ಹೊಡೆತ ತಾಗಲು ಇಪ್ಪತ್ತು ಮುಖದ ದಾಳದಲ್ಲಿ ಬೀಳಬೇಕಾದ ಅಂಕಿ) 20ರಿಂದ ಕಳೆದರೆ ಅಟ್ಯಾಕ್ ಬೋನಸ್ (ದಾಳಿಯ ದಾಳಕ್ಕೆ ಸೇರಿಸುವ ಅಂಕಿ). ಥ್ಯಾಕೊ 17 ಎಂದರೆ +3. ಎಸಿ 5 ಎಂದರೆ 15. ಹಳೆಯ ಲೆಕ್ಕದಲ್ಲಿ 17ರಲ್ಲಿ 5 ಕಳೆದು 12 ಬೀಳಬೇಕು, ಹೊಸದರಲ್ಲಿ 15ರಲ್ಲಿ 3 ಕಳೆದು 12 ಬೀಳಬೇಕು, ಎರಡೂ ಒಂದೇ. ಬಿ-ಎಕ್ಸ್‌ನಲ್ಲಿ ಕವಚವಿಲ್ಲದವನ ಎಸಿ 10 ಅಲ್ಲ, 9. ಆದ್ದರಿಂದ ಅಲ್ಲಿಂದ ತರುವಾಗ ಎರಡನ್ನೂ 19ರಿಂದ ಕಳೆಯುವುದು ವಾಸಿ.

ಆದರೆ ಸರಿಯಾದ ಗಣಿತವೂ ತಪ್ಪು ಪ್ರಾಣಿಯನ್ನು ಕೊಡುತ್ತದೆ. ಎರಡನೇ ಎಡಿಷನ್ನಿನ ಓಗ್ರೆಯ (ದೈತ್ಯ ರಾಕ್ಷಸ) ಎಸಿ 5, ಹಿಟ್ ಡೈಸ್ (ಜೀವಬಲ ಲೆಕ್ಕ ಹಾಕುವ ದಾಳಗಳು) 4+1, ಸರಾಸರಿ 19 ಹಿಟ್ ಪಾಯಿಂಟ್ (ಜೀವಬಲ). ಸೂತ್ರ ಹಾಕಿದರೆ ಎಸಿ 15, ಹಿಟ್ ಪಾಯಿಂಟ್ 19 ಇರುವ ಓಗ್ರೆ ಬರುತ್ತದೆ. ಐದನೆಯದರ ಪುಸ್ತಕದಲ್ಲಿ ಓಗ್ರೆ ಹೇಗಿದೆ? ಎಸಿ ಬರೀ 11, ಹಿಟ್ ಪಾಯಿಂಟ್ 59, ಹೊಡೆತಕ್ಕೆ 2ಡಿ8+4 (ಎಂಟು ಮುಖದ ಎರಡು ದಾಳದ ಮೊತ್ತಕ್ಕೆ 4 ಸೇರಿಸಿದಷ್ಟು ಪೆಟ್ಟು). ಹೊಡೆಯಲು ಸುಲಭ, ಬೀಳಿಸಲು ಕಷ್ಟ. ಹೊಸ ಆಟದಲ್ಲಿ ದೊಡ್ಡ ದೇಹದ ಭಾರ ಇರುವುದು ಹಿಟ್ ಪಾಯಿಂಟ್‌ಗಳಲ್ಲಿ. ನಿಮ್ಮ ಸೂತ್ರದ ಓಗ್ರೆಯನ್ನು ಮೂರನೇ ಲೆವೆಲ್ಲಿನ ಫೈಟರ್ ಎರಡು ರೌಂಡಿನಲ್ಲಿ ಮಲಗಿಸಬಹುದು.

ಹಾಗಾಗಿ ಹಳೆಯ ಅಡ್ವೆಂಚರಿನಲ್ಲಿ ಓಗ್ರೆ ಎಂದಿದ್ದರೆ ಮನೆಯ ಪುಸ್ತಕದ ಓಗ್ರೆಯನ್ನು ಇಡಿ. ಹೆಸರಿಗೆ ಹೆಸರು. ಮನೆಯ ಪುಸ್ತಕದಲ್ಲಿ ಇಲ್ಲದ ಪ್ರಾಣಿಯಾದರೆ ಅದರ ಕೆಲಸಕ್ಕೆ ಹತ್ತಿರವಿರುವ ಇನ್ನೊಂದನ್ನು ಹಿಡಿದು ಚರ್ಮ ಬದಲಾಯಿಸಿ. ಸೂತ್ರಕ್ಕೆ ಕೈ ಹಾಕುವುದು ಕೊನೆಗೆ.

ಮೂರನೆಯದರಿಂದ ತರುವಾಗ ಇನ್ನೊಂದು ಎಚ್ಚರ ಬೇಕು. ಅಲ್ಲಿ ಅಂಕಿಗಳು ಲೆವೆಲ್ ಜೊತೆಗೆ ಏರುತ್ತಲೇ ಹೋಗುತ್ತವೆ. ಫೈಟರಿನ ಮೂಲ ಅಟ್ಯಾಕ್ ಬೋನಸ್ಸೇ +20ರವರೆಗೆ ಹೋಗುತ್ತದೆ. ಐದನೆಯದರಲ್ಲಿ ಪ್ರೊಫಿಶಿಯನ್ಸಿ (ಕುಶಲತೆಗೆ ಸಿಗುವ ಬೋನಸ್) +2ರಿಂದ +6, ಅಷ್ಟೇ. 3.5ರಲ್ಲಿ ಸಾಧಾರಣ ಬೀಗದ ಡಿಸಿ (ಗೆಲ್ಲಲು ಮುಟ್ಟಬೇಕಾದ ಅಂಕಿ) 25. ಐದನೆಯದರಲ್ಲಿ 25 ಎಂದರೆ ಬಹಳ ಕಷ್ಟ ಎಂದರ್ಥ. ಅಂಕಿ ಬಿಡಿ, ಮಾತು ಹಿಡಿಯಿರಿ: ಸಾಧಾರಣ ಬೀಗ ಎಂದಿದ್ದರೆ 15, ಒಳ್ಳೆಯ ಬೀಗ ಎಂದಿದ್ದರೆ 20. ಸೇವ್‌ಗಳಿಗೆ (ಅಪಾಯ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಫಾರ್ಟಿಟ್ಯೂಡ್ ಎಂದರೆ ಕಾನ್‌ಸ್ಟಿಟ್ಯೂಷನ್, ರಿಫ್ಲೆಕ್ಸ್ ಎಂದರೆ ಡೆಕ್ಸ್ಟೆರಿಟಿ, ವಿಲ್ ಎಂದರೆ ವಿಸ್ಡಮ್. ಹಳೆಯ ಶೇಕಡಾವಾರು ಮ್ಯಾಜಿಕ್ ರೆಸಿಸ್ಟೆನ್ಸ್ ಇದ್ದರೆ ಮಂತ್ರಗಳ ವಿರುದ್ಧದ ಸೇವ್‌ಗೆ ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ಹೆಚ್ಚಿನದನ್ನು ಹಿಡಿಯುವುದು) ಕೊಟ್ಟರೆ ಸಾಕು.

ಹಂತ 5: ಮೊದಲ ಸಾಲಕ್ಕೆ ಮೊರೇಲ್ ತನ್ನಿ

ಹೊಸಬರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ಬಿ-ಎಕ್ಸ್‌ನ ಮೊರೇಲ್, ಅಂದರೆ ಶತ್ರುಗಳ ಎದೆಗಾರಿಕೆಯ ರೂಲು, ಎನ್ನುತ್ತೇನೆ. ಬೇರು ಚಿಕ್ಕದು, ಫಲ ದೊಡ್ಡದು. ಬೇಕಾಗುವುದು ಎರಡು ಡಿ6, ಅಂದರೆ ಪೇಟೆಯ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುವ ಲೂಡೋ ದಾಳ. ಮಳೆಗಾಲದಲ್ಲಿ ಕರೆಂಟು ಹೋಗಿ ಫೋನಿನ ಚಾರ್ಜ್ ಮುಗಿದು ಡೈಸ್ ಆ್ಯಪ್ ಕೈಕೊಟ್ಟಾಗಲೂ ಇದು ನಡೆಯುತ್ತದೆ.

ಮೂಲ ರೂಲು ಹೀಗಿದೆ. ಪ್ರತಿ ಪ್ರಾಣಿಗೂ 2ರಿಂದ 12ರವರೆಗೆ ಒಂದು ಮೊರೇಲ್ ಅಂಕಿ. ತಮ್ಮ ಕಡೆ ಮೊದಲ ಸಾವಾದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ 2ಡಿ6 ಉರುಳಿಸಿ. ಮೊರೇಲ್ ಅಂಕಿಗಿಂತ ಹೆಚ್ಚು ಬಿದ್ದರೆ ಓಡುತ್ತವೆ ಅಥವಾ ಶರಣಾಗುತ್ತವೆ. ಎರಡೂ ಸಲ ನಿಂತರೆ ಸಾಯುವವರೆಗೂ ಹೋರಾಡುತ್ತವೆ. ಗಾಬ್ಲಿನ್‌ಗೆ 7, ಓಗ್ರೆಗೆ 10, ಅಸ್ಥಿಪಂಜರ ಮತ್ತು ಜಾಂಬಿಗೆ 12, ಅಂದರೆ ಅವು ಹೆದರುವುದೇ ಇಲ್ಲ.

2014ರ ಡಂಜನ್ ಮಾಸ್ಟರ್ಸ್ ಗೈಡಿನಲ್ಲೂ ಮೊರೇಲ್ ರೂಲು ಇದೆಯಲ್ಲ, ಮನೆಯದನ್ನೇ ಏಕೆ ಬಳಸಬಾರದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಲೆಕ್ಕ ಹಾಕಿ ನೋಡೋಣ. ಅಲ್ಲಿ ಡಿಸಿ 10ರ ವಿಸ್ಡಮ್ ಸೇವ್ ಮಾಡಬೇಕು. ಗಾಬ್ಲಿನ್‌ನ ವಿಸ್ಡಮ್ 8, ಅಂದರೆ −1. ನೂರಕ್ಕೆ 50 ಸಲ ಓಡುತ್ತದೆ. ಓಗ್ರೆಯ ವಿಸ್ಡಮ್ 7, −2. ನೂರಕ್ಕೆ 55 ಸಲ ಓಡುತ್ತದೆ. ಓಗ್ರೆ ಗಾಬ್ಲಿನ್‌ಗಿಂತ ಪುಕ್ಕಲು! ಹಳೆಯ ರೂಲಿನಲ್ಲಿ ಗಾಬ್ಲಿನ್ ಒಂದು ಪರೀಕ್ಷೆಗೆ ಓಡುವ ಸಾಧ್ಯತೆ ಸುಮಾರು ನೂರಕ್ಕೆ 42, ಓಗ್ರೆಯದು ಬರೀ 8. ಹಳೆಯ ಅಂಕಿ ಪ್ರಾಣಿಯ ಸ್ವಭಾವ ಹೇಳುತ್ತದೆ, ಹೊಸದು ಅದರ ಬುದ್ಧಿಗೂ ಧೈರ್ಯಕ್ಕೂ ಗಂಟು ಹಾಕುತ್ತದೆ. ಸಾಲ ತರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಈಗ ಯಾರಿಗೆ ನಷ್ಟ ನೋಡಿ. ಓಡಿಹೋದ ಗಾಬ್ಲಿನ್‌ಗೆ ಎಕ್ಸ್‌ಪಿ (ಲೆವೆಲ್ ಏರಲು ಗಳಿಸುವ ಅನುಭವದ ಅಂಕ) ಇಲ್ಲ ಎಂದರೆ ಆಟಗಾರರು ಬೆನ್ನಟ್ಟಿ ಹೋಗುತ್ತಾರೆ, ಯುದ್ಧ ಇನ್ನೂ ಉದ್ದವಾಗುತ್ತದೆ. ಕೊಂದರೂ, ಓಡಿಸಿದರೂ, ಹಿಡಿದರೂ ಪೂರ್ತಿ ಎಕ್ಸ್‌ಪಿ ಎಂದು ಮೊದಲೇ ಹೇಳಿ. ಮನೆಯ ಪುಸ್ತಕವೂ ಅದನ್ನೇ ಹೇಳುತ್ತದೆ. ಎರಡನೆಯದಾಗಿ, ಯುದ್ಧ ಬೇಗ ಮುಗಿಯುವುದರಿಂದ ಮಂತ್ರಗಳು ಉಳಿದುಬಿಡುತ್ತವೆ. ಪ್ರತಿ ಗುಂಪಿಗೆ ಒಂದಿಬ್ಬರನ್ನು ಹೆಚ್ಚು ಹಾಕಿ.

ಸಕಲೇಶಪುರದ ಮಂಜರಾಬಾದ್ ಕೋಟೆಯನ್ನೇ ನಕ್ಷೆ ಮಾಡಿಕೊಂಡು ಇದನ್ನು ಆಡಿಸಿ ನೋಡಿ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಅದು, ಮಂಜು ಕವಿದರೆ ಎದುರಿನ ಗೋಡೆಯೂ ಕಾಣುವುದಿಲ್ಲ. ಒಳಗೆ ಎಂಟು ಗಾಬ್ಲಿನ್, ಒಬ್ಬ ಓಗ್ರೆ ಯಜಮಾನ. ಮೊದಲ ಗಾಬ್ಲಿನ್ ಸತ್ತಿತು, 2ಡಿ6 ಉರುಳಿಸಿದಿರಿ, 9 ಬಿತ್ತು. ಯಜಮಾನ ನಿಂತಿರುವವರೆಗೆ ಗಾಬ್ಲಿನ್‌ಗಳ ಮೊರೇಲ್ 9 ಎಂದು ನೀವು ಇಟ್ಟಿದ್ದರೆ ಅವು ನಿಲ್ಲುತ್ತವೆ. ಮುಂದಿನ ರೌಂಡಿನಲ್ಲಿ ಆಟಗಾರರು ಗಾಬ್ಲಿನ್‌ಗಳನ್ನು ಬಿಟ್ಟು ಓಗ್ರೆಯ ಮೇಲೆ ಬೀಳುತ್ತಾರೆ, ಏಕೆಂದರೆ ಅವನು ಬಿದ್ದರೆ ಉಳಿದವು 7ಕ್ಕೆ ಇಳಿಯುತ್ತವೆ ಎಂದು ಅವರಿಗೆ ಗೊತ್ತು. ಎಂಟು ಮೂಲೆಗೂ ಚದುರಿ ಓಡಿದ ಗಾಬ್ಲಿನ್‌ಗಳಲ್ಲಿ ಒಂದನ್ನು ಹಿಡಿದು ಮಾತಾಡಿಸಿದರೆ ಮುಂದಿನ ವಾರದ ಕಥೆ ಅಲ್ಲೇ ಸಿಗುತ್ತದೆ.

ಇದಕ್ಕೆ ಅಂಟಿಕೊಂಡೇ ಬರುವ ರೂಲು ರಿಯಾಕ್ಷನ್ ರೋಲ್. ಎದುರಾದ ಪ್ರಾಣಿ ಏನು ಮಾಡುತ್ತದೆ ಎಂದು 2ಡಿ6 ಉರುಳಿಸುವುದು: 2 ಬಿದ್ದರೆ ಕೂಡಲೇ ದಾಳಿ, 6ರಿಂದ 8 ಬಿದ್ದರೆ ಅನುಮಾನ, 12 ಬಿದ್ದರೆ ಸ್ನೇಹ. ಇಲ್ಲಿ ಅಳತೆಯ ಬಲೆ ಇದೆ. ಬಿ-ಎಕ್ಸ್‌ನಲ್ಲಿ ಕರಿಸ್ಮಾದಿಂದ (ಪಾತ್ರದ ಆಕರ್ಷಣೆಯ ಅಂಕಿ) ಸಿಗುವುದು ಹೆಚ್ಚೆಂದರೆ +2. ಐದನೆಯದರ ಹಾಡುಗಾರ ಬಾರ್ಡ್ ತನ್ನ +5 ತಂದು ಸೇರಿಸಿದರೆ 12 ಅಥವಾ ಮೇಲೆ ಬೀಳುವ ಸಾಧ್ಯತೆ 36ರಲ್ಲಿ 1 ಇದ್ದದ್ದು 36ರಲ್ಲಿ 21 ಆಗುತ್ತದೆ. ಕಾಡಿನ ಪ್ರಾಣಿಗಳೆಲ್ಲ ಬಾರ್ಡಿನ ಬಳಗ. ಕರಿಸ್ಮಾ 13ರಿಂದ 17 ಇದ್ದರೆ +1, 18 ಅಥವಾ ಮೇಲಿದ್ದರೆ +2, ಅಷ್ಟಕ್ಕೇ ನಿಲ್ಲಿಸಿ.

ಹಂತ 6: ನಾಲ್ಕನೆಯದನ್ನು ಕಡೆಗಣಿಸಬೇಡಿ

ನಾಲ್ಕನೇ ಎಡಿಷನ್ ಎಂದರೆ ಮೂಗು ಮುರಿಯುವವರು ಬಹಳ. ನನಗೆ ಅದು ಒಪ್ಪಿಗೆಯಿಲ್ಲ. ಸಾಲ ತರಲು ಅತಿ ಸುಲಭದ ಎಡಿಷನ್ ಅದೇ, ಏಕೆಂದರೆ ಅದರ ರೂಲುಗಳು ಬಿಡಿಬಿಡಿಯಾಗಿವೆ. ಅರ್ಧ ಹಿಟ್ ಪಾಯಿಂಟ್‌ಗೆ ಇಳಿದರೆ ಬ್ಲಡೀಡ್ ಎನ್ನುವುದು ಅಲ್ಲಿಯದು, 2024ರ ಪುಸ್ತಕಕ್ಕೂ ಅದು ಮರಳಿ ಬಂದಿದೆ. ಒಂಟಿ ಪ್ರಾಣಿಗೆ ಮೊರೇಲ್ ಯಾವಾಗ ಉರುಳಿಸುವುದು ಎಂಬ ಪ್ರಶ್ನೆಗೆ ಬ್ಲಡೀಡ್ ಆದಾಗ ಎಂದು ಉತ್ತರ ಕೊಟ್ಟರೆ ಎರಡು ಸಾಲಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಮಿನಿಯನ್ ಎಂಬುದು ಒಂದೇ ಹಿಟ್ ಪಾಯಿಂಟ್ ಇರುವ ಶತ್ರು. ಗುರಿ ತಪ್ಪಿದ ದಾಳಿಯಿಂದ ಅದಕ್ಕೆ ಏನೂ ಆಗುವುದಿಲ್ಲ. ಅದು ಕೊಡುವ ಡ್ಯಾಮೇಜು ಉರುಳಿಸುವಂಥದ್ದಲ್ಲ, ಗೊತ್ತುಮಾಡಿದ ಅಂಕಿ. ಐದನೆಯದಕ್ಕೆ ತರುವಾಗ ಸೇವ್ ಗೆದ್ದ ಮಿನಿಯನ್‌ಗೆ ಅರ್ಧ ಡ್ಯಾಮೇಜೂ ಇಲ್ಲ ಎಂದು ಬರೆದುಕೊಳ್ಳಿ. ಡ್ಯಾಮೇಜನ್ನಂತೂ ಇಳಿಸಲೇಬೇಕು. ಎಂಟು ಗಾಬ್ಲಿನ್‌ಗಳು +4ರಲ್ಲಿ ಎಸಿ 16ರವನನ್ನು ಹೊಡೆದರೆ ಪ್ರತಿಯೊಂದಕ್ಕೂ ನೂರಕ್ಕೆ 45 ಅವಕಾಶ. ಪುಸ್ತಕದ ಸರಾಸರಿ 5ರಂತೆ ರೌಂಡಿಗೆ 18 ಡ್ಯಾಮೇಜು. ಚಿಕ್ಕ ಲೆವೆಲ್ಲಿನ ಯಾರೂ ತಡೆಯುವುದಿಲ್ಲ. ತಲೆಗೆ 2 ಎಂದು ಇಟ್ಟರೆ ಸುಮಾರು 7ಕ್ಕೆ ಇಳಿಯುತ್ತದೆ. ಗುಂಪು ಗುಂಪಾಗಿಯೇ ಕಾಣುತ್ತದೆ, ಆಟಗಾರರೂ ಉಳಿಯುತ್ತಾರೆ.

ಸ್ಕಿಲ್ ಚಾಲೆಂಜ್ ನನಗೆ ಬಹಳ ಪ್ರಿಯವಾದ ರೂಲು. ಮೂರು ಸೋಲು ಬರುವ ಮುಂಚೆ ಇಷ್ಟು ಗೆಲುವು ಗಳಿಸಬೇಕು. ತಿದ್ದುಪಡಿಯಾದ ರೂಪದಲ್ಲಿ ಅತಿ ಸುಲಭದ್ದಕ್ಕೆ 4 ಗೆಲುವು, ಅತಿ ಕಷ್ಟದ್ದಕ್ಕೆ 12. ಆಷಾಢದ ಮಳೆಯಲ್ಲಿ ಕತ್ತಲಾದ ಮೇಲೆ ಗಾಡಿಗಳ ಸಾಲನ್ನು ಚಾರ್ಮಾಡಿ ಘಾಟಿಯಲ್ಲಿ ಇಳಿಸಬೇಕು ಎಂದಿಟ್ಟುಕೊಳ್ಳಿ. ಒಬ್ಬ ಎತ್ತುಗಳನ್ನು ಸಮಾಧಾನ ಮಾಡುತ್ತಾನೆ, ಒಬ್ಬಳು ಮುಂದೆ ಹೋಗಿ ಮಣ್ಣು ಕುಸಿದಿದೆಯೇ ನೋಡುತ್ತಾಳೆ, ಇನ್ನೊಬ್ಬ ಹೆದರಿದ ಗಾಡಿಯವರಿಗೆ ಧೈರ್ಯ ಹೇಳುತ್ತಾನೆ. ಇಂಥ ದೃಶ್ಯ ಒಂದೇ ಸರ್ವೈವಲ್ ರೋಲಿನಲ್ಲಿ ಮುಗಿದರೆ ಹೊಟ್ಟೆ ಉರಿಯುತ್ತದೆ.

ಆದರೆ ಗೆಲುವಿನ ಸಂಖ್ಯೆ ಇಡುವ ಮುಂಚೆ ಲೆಕ್ಕ ಹಾಕಿ. +5 ಇರುವವರು ಡಿಸಿ 13 ಎದುರಿಸಿದರೆ ಪ್ರತಿ ರೋಲಿಗೆ ನೂರಕ್ಕೆ 65 ಅವಕಾಶ. ಸುಲಭ ಎನಿಸುತ್ತದೆ. ಮೂರು ಸೋಲಿಗೆ ಮುಂಚೆ 6 ಗೆಲುವು ಬೇಕೆಂದರೆ ಒಟ್ಟು ಗೆಲ್ಲುವ ಅವಕಾಶ ನೂರಕ್ಕೆ 43 ಮಾತ್ರ! 4 ಗೆಲುವು ಎಂದರೆ 65. ಪ್ರತಿ ರೋಲಿನ ಅವಕಾಶವನ್ನು 75ಕ್ಕೆ ಏರಿಸಿದರೆ 6 ಗೆಲುವಿನ ಚಾಲೆಂಜ್ 68ಕ್ಕೆ ಬರುತ್ತದೆ. ನಮ್ಮ ಕಡೆಯ ನಾಲ್ಕೈದು ಜನರ ಟೇಬಲ್ಲಿಗೆ 4 ಗೆಲುವು, ಡಿಸಿ 13 ಹಿತವಾಗಿರುತ್ತದೆ. ಒಬ್ಬರು ಒಂದು ಸ್ಕಿಲ್ಲನ್ನು ಒಮ್ಮೆ ಮಾತ್ರ ಬಳಸಲಿ. ಸೋತರೆ ಕಥೆ ನಿಲ್ಲಬಾರದು. ಗಾಡಿ ಇಳಿಯಲಿ, ಒಂದು ಗಾಡಿಯ ಸಾಮಾನು ಕಂದಕಕ್ಕೆ ಹೋಗಲಿ, ಎಲ್ಲರೂ ಒಂದೊಂದು ಹಿಟ್ ಡೈಸ್ ಕಳೆದುಕೊಳ್ಳಲಿ.

ಹಂತ 7: ಇನ್ನೊಬ್ಬರ ಕೈಯಲ್ಲಿರುವುದನ್ನು ಕಸಿಯುವ ರೂಲು

ಫ್ಲ್ಯಾಂಕಿಂಗ್, ಅಂದರೆ ಇಬ್ಬರು ಶತ್ರುವಿನ ಎರಡು ಪಕ್ಕದಲ್ಲಿ ಎದುರುಬದುರು ನಿಂತು ಹೊಡೆಯುವುದು, ಎಲ್ಲರಿಗೂ ಬೇಕು. 2014ರ ಐಚ್ಛಿಕ ರೂಲು ಅದಕ್ಕೆ ಅಡ್ವಾಂಟೇಜ್ ಕೊಡುತ್ತದೆ, ಮೂರನೆಯದು +2 ಕೊಡುತ್ತಿತ್ತು. 11 ಬೀಳಬೇಕಾದಲ್ಲಿ ಅಡ್ವಾಂಟೇಜ್ ಎಂದರೆ 50ರಿಂದ 75ಕ್ಕೆ ಜಿಗಿತ, +2 ಎಂದರೆ 60. ದೊಡ್ಡ ತೊಂದರೆ ಅಂಕಿಯದ್ದೂ ಅಲ್ಲ. ಬಾರ್ಬೇರಿಯನ್ ಆಡುವವಳು ಕೇಳುತ್ತಾಳೆ: "ಅಣ್ಣಾ, ನಾನು ರೆಕ್‌ಲೆಸ್ ಅಟ್ಯಾಕ್ ಮಾಡಿ ಅಡ್ವಾಂಟೇಜ್ ತಗೊಂಡ್ರೆ ನನ್ ಮೇಲೆ ಹೊಡೆಯೋರಿಗೂ ಅಡ್ವಾಂಟೇಜ್ ಸಿಗತ್ತೆ. ನಮ್ಮ ಕಡೆ ಉಳಿದೋರು ಶತ್ರುವಿನ ಪಕ್ಕಕ್ಕೆ ಬಂದು ನಿಂತ್ರೆ ಸಾಕು, ಪುಕ್ಕಟೆ ಸಿಗತ್ತೆ. ನನ್ ಫೀಚರ್ ಯಾಕೆ ಬೇಕು?" ಅವಳು ಕೇಳಿದ್ದು ನೂರಕ್ಕೆ ನೂರು ಸರಿ. ಅಡ್ವಾಂಟೇಜ್ ಒಂದರ ಮೇಲೊಂದು ಪೇರುವುದಿಲ್ಲ, ಹಾಗಾಗಿ ಅಡ್ವಾಂಟೇಜನ್ನೇ ಕೊಡುವ ಫೇರೀ ಫೈರ್ ಹಾಕುವವರ ಮಂತ್ರವೂ ವ್ಯರ್ಥ. ಮೂರನೆಯದರ +2 ತಂದರೆ ಅವರ ಶಕ್ತಿ ಅವರ ಬಳಿಯೇ ಉಳಿಯುತ್ತದೆ, ಅದರ ಮೇಲೆ ಇದೂ ಸೇರುತ್ತದೆ.

ಗಾಯ ಮಾಯುವ ರೂಲಿಗೂ ಇದೇ ಕಣ್ಣು ಬೇಕು. ಎರಡನೆಯದರಲ್ಲಿ ದಿನಕ್ಕೆ 1 ಹಿಟ್ ಪಾಯಿಂಟ್ ಮರಳುತ್ತಿತ್ತು, ಐದನೆಯದರಲ್ಲಿ ರಾತ್ರಿ ಮಲಗಿ ಎದ್ದರೆ ಪೂರ್ತಿ. ಹಳೆಯದನ್ನು ಹಾಗೇ ತಂದರೆ, ಮಂತ್ರಗಳು ಮಾತ್ರ ರಾತ್ರಿಗೆ ತುಂಬಿಕೊಳ್ಳುವುದರಿಂದ, ಗಾಯ ಮಾಯಿಸುವ ಕ್ಲೆರಿಕ್ ಬೆಳಗೆದ್ದು ತನ್ನ ಮಂತ್ರಗಳನ್ನೆಲ್ಲ ಎಲ್ಲರ ಗಾಯಕ್ಕೆ ಸುರಿಯಬೇಕು. ಹೊರೆಯೆಲ್ಲ ಒಬ್ಬರ ಹೆಗಲಿಗೆ. ಬದಲಿಗೆ 2014ರ ಗೈಡಿನಲ್ಲೇ ಇರುವ ನಿಧಾನದ ವಿಶ್ರಾಂತಿ ಬಳಸಿ: ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ. ಎಲ್ಲ ಕ್ಲಾಸಿಗೂ ಗಡಿಯಾರ ಒಟ್ಟಿಗೆ ನಿಧಾನವಾಗುತ್ತದೆ.

ಚಿನ್ನಕ್ಕೆ ಎಕ್ಸ್‌ಪಿ ಕೊಡುವ ಹಳೆಯ ಪದ್ಧತಿಯೂ ಆಕರ್ಷಕ. ಯುದ್ಧ ತಪ್ಪಿಸಿ ನಿಧಿ ಹೊತ್ತು ತರುವ ಜಾಣತನಕ್ಕೆ ಅದು ಬಹುಮಾನ. ಆದರೆ ಬಿ-ಎಕ್ಸ್ ಫೈಟರಿಗೆ ಎರಡನೇ ಲೆವೆಲ್ಲಿಗೆ 2,000 ಬೇಕು, ಐದನೆಯದರಲ್ಲಿ 300 ಸಾಕು. ಐದನೇ ಲೆವೆಲ್ಲಿಗೆ ಅಲ್ಲಿ 16,000, ಇಲ್ಲಿ 6,500. ಅನುಪಾತವೇ ಬದಲಾಗುತ್ತಾ ಹೋಗುವುದರಿಂದ ಒಂದೇ ಭಾಗಾಕಾರ ಕೊನೆಯವರೆಗೆ ನಡೆಯದು. ಹಳೆಯ ಅಡ್ವೆಂಚರಿನ ನಿಧಿ ಬಳಸುವುದಾದರೆ ಲೆವೆಲ್ ಪಟ್ಟಿಯನ್ನೂ ಹಳೆಯದನ್ನೇ ತನ್ನಿ. ಎರಡನ್ನೂ ಜೋಡಿಯಾಗಿ ತರಬೇಕು, ಇಲ್ಲವೇ ಬಿಡಬೇಕು.

ಹಂತ 8: 2014 ಮತ್ತು 2024 ಒಂದೇ ಟೇಬಲ್ಲಿನಲ್ಲಿ

ಈಗ ಹೆಚ್ಚಿನವರ ಕಷ್ಟ ಇದೇ. 2014ರಲ್ಲಿ ಎಬಿಲಿಟಿ ಏರಿಕೆ ರೇಸಿನಿಂದ ಬರುತ್ತಿತ್ತು, 2024ರಲ್ಲಿ ಬ್ಯಾಕ್‌ಗ್ರೌಂಡಿನಿಂದ ಬರುತ್ತದೆ. ಹಳೆಯ ರೇಸು, ಹೊಸ ಬ್ಯಾಕ್‌ಗ್ರೌಂಡು ಹಿಡಿದವರು ಎರಡೂ ಕಡೆಯಿಂದ ತೆಗೆದುಕೊಳ್ಳಬಾರದು, ರೇಸಿನದನ್ನು ಬಿಡಬೇಕು. 2024ರಲ್ಲಿ ಎಲ್ಲರಿಗೂ ಸಬ್‌ಕ್ಲಾಸ್ (ಕ್ಲಾಸಿನ ಒಳಕವಲು) ಮೂರನೇ ಲೆವೆಲ್ಲಿಗೆ, ಹಾಗಾಗಿ ಹೊಸ ಕ್ಲೆರಿಕ್‌ಗೆ ಹಳೆಯ ಡೊಮೇನ್ (ಕ್ಲೆರಿಕ್‌ನ ಸಬ್‌ಕ್ಲಾಸ್) ಸೇರಿಸಿದರೆ ಅದರ ಮೊದಲ ಲೆವೆಲ್ಲಿನ ಶಕ್ತಿಗಳೂ ಮೂರಕ್ಕೇ ಬರಲಿ. ಎಕ್ಸಾಸ್ಚನ್ (ದಣಿವು) ಯಾವ ಪುಸ್ತಕದ್ದು ಎಂದು ಒಂದನ್ನೇ ಆರಿಸಿ. 2014ರ ಬರ್ಸರ್ಕರ್ (ಬಾರ್ಬೇರಿಯನ್ನಿನ ಒಂದು ಸಬ್‌ಕ್ಲಾಸ್) ಫ್ರೆನ್ಜಿ ಮಾಡಿದರೆ ಒಂದು ಹಂತ ಎಕ್ಸಾಸ್ಚನ್ ತೆರಬೇಕು. ಹಳೆಯ ಪಟ್ಟಿಯ ಮೂರನೇ ಹಂತದಲ್ಲಿ ಎಲ್ಲ ದಾಳಿಗೂ ಸೇವ್‌ಗೂ ಡಿಸ್‌ಅಡ್ವಾಂಟೇಜ್. ಹೊಸ ರೂಲಿನಲ್ಲಿ ಹಂತಕ್ಕೆ −2. ಗಾಯ ಮಾಯಿಸುವ ಮಂತ್ರ ಕ್ಯೂರ್ ವೂಂಡ್ಸ್ 1ಡಿ8 ಇದ್ದದ್ದು 2ಡಿ8 ಆಗಿದೆ. ಒಂದೇ ಮಂತ್ರ ಇಬ್ಬರ ಬಳಿ ಎರಡು ಥರ ಇರಬಾರದು. ಕ್ಲಾಸು ಯಾವುದೇ ಪುಸ್ತಕದ್ದಿರಲಿ, ಮಂತ್ರ ಮತ್ತು ಸ್ಥಿತಿಗಳ ಪಟ್ಟಿ ಮನೆಯ ಪುಸ್ತಕದ್ದು.

ಹಂತ 9: ಹಾಳೆಯ ಮೇಲೆ ತನ್ನಿ

ಬಾಯಿಮಾತಿನ ರೂಲು ಮುಂದಿನ ಭಾನುವಾರಕ್ಕೆ ಬೇರೆಯಾಗಿರುತ್ತದೆ. ಒಂದು ಎ4 ಹಾಳೆ, ಕನ್ನಡದಲ್ಲಿ, ಎಲ್ಲರಿಗೂ ಒಂದೊಂದು ಜೆರಾಕ್ಸ್. ಹೀಗೆ ಬರೆದರೆ ಸಾಕು:

"ಮೊರೇಲ್. ಬಂದದ್ದು: ಬಿ-ಎಕ್ಸ್. ಏಕೆ: ಶತ್ರುಗಳೂ ಜೀವಕ್ಕೆ ಹೆದರಲಿ ಎಂದು. ಯಾವಾಗ: ಅವರ ಕಡೆ ಮೊದಲ ಸಾವಾದಾಗ, ಅರ್ಧ ಜನ ಬಿದ್ದಾಗ, ಒಂಟಿಯಾದರೆ ಬ್ಲಡೀಡ್ ಆದಾಗ. ಹೇಗೆ: ಡಿಎಂ ಎಲ್ಲರೆದುರು 2ಡಿ6 ಉರುಳಿಸುತ್ತಾರೆ, ಮೊರೇಲ್‌ಗಿಂತ ಹೆಚ್ಚು ಬಿದ್ದರೆ ಓಟ ಅಥವಾ ಶರಣು. ಓಡಿಸಿದರೂ ಪೂರ್ತಿ ಎಕ್ಸ್‌ಪಿ. ಮತ್ತೆ ನೋಡುವುದು: ಈ ಅಧ್ಯಾಯ ಮುಗಿದಾಗ."

ಏಕೆ ಎಂಬ ಸಾಲು ಬಿಡಬೇಡಿ. ಅನುಮಾನ ಬಂದಾಗ ತೀರ್ಮಾನ ಕೊಡುವುದು ಆ ಸಾಲೇ. ಡಿಎಂ ಎಲ್ಲರೆದುರು ಉರುಳಿಸುವುದೂ ಮುಖ್ಯ, ಪರದೆಯ ಹಿಂದೆ ಉರುಳಿಸಿದರೆ ಶತ್ರು ಓಡಿದ್ದು ಡಿಎಂ ದಯೆ ಎನಿಸುತ್ತದೆ.

ಒಂದು ಸಲಕ್ಕೆ ಒಂದೇ ರೂಲು ಸೇರಿಸಿ, ಇಲ್ಲದಿದ್ದರೆ ಆಟ ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ. ಪ್ರಯೋಗಕ್ಕೆ ಮಳೆಗಾಲ ಒಳ್ಳೆಯದು. ಕಾಫಿ ಕೊಯ್ಲು ಶುರುವಾದರೆ ತೋಟದ ಮನೆಯವರು ವಾರಗಟ್ಟಲೆ ಬರುವುದಿಲ್ಲ, ಅರ್ಧ ಟೇಬಲ್ ನೋಡಿದ ರೂಲನ್ನು ಇನ್ನರ್ಧಕ್ಕೆ ಹೇರಿದಂತಾಗುತ್ತದೆ.

ಈ ಹಾಳೆಯನ್ನು ಬೇರೆ ಟೇಬಲ್ಲುಗಳಿಗೂ ಕೊಡುವುದಾದರೆ ಒಂದು ಅನುಕೂಲವಿದೆ. ಐದನೆಯದರ ಮೂಲ ರೂಲುಗಳ ಎಸ್ಆರ್‌ಡಿ 5.1 ದಾಖಲೆ 2023ರ ಜನವರಿಯಿಂದ, 2024ರ ರೂಲುಗಳ ಎಸ್ಆರ್‌ಡಿ 5.2 ದಾಖಲೆ 2025ರಿಂದ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಅವುಗಳಲ್ಲಿರುವ ಪಠ್ಯವನ್ನು ಕನ್ನಡಕ್ಕೆ ತಂದು, ಮೂಲದ ಹೆಸರು ಹಾಕಿ, ಯಾರಿಗೆ ಬೇಕಾದರೂ ಹಂಚಬಹುದು. ಬಿ-ಎಕ್ಸ್ ಮತ್ತು ನಾಲ್ಕನೆಯದರ ಪುಸ್ತಕದ ವಾಕ್ಯಗಳು ಅದರಲ್ಲಿ ಸೇರಿಲ್ಲ. ಅಲ್ಲಿಂದ ತಂದ ರೂಲುಗಳನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ.

ಹಂತ 10: ತೆಗೆಯುವುದು

ಸೇರಿಸಿದ ರೂಲು ಹಿಡಿಸದಿದ್ದರೆ ಸೆಷನ್ನಿನ ನಡುವೆ ತೆಗೆಯಬೇಡಿ. ಅದನ್ನು ನಂಬಿ ಯಾರೋ ಒಂದು ನಿರ್ಧಾರ ತೆಗೆದುಕೊಂಡಿರುತ್ತಾರೆ. ಆ ದಿನದ ಆಟ ಮುಗಿಯಲಿ, ಆಮೇಲೆ ಎಲ್ಲರನ್ನೂ ಕೇಳಿ. ಮೊದಲು ಕೇಳಬೇಕಾದದ್ದು ಸುಮ್ಮನೆ ಕೂತಿರುವವರನ್ನು. ರೂಲಿಗೆ ತಕ್ಕಂತೆ ಯಾರಾದರೂ ಫೀಟು (ವಿಶೇಷ ಸಾಮರ್ಥ್ಯ) ಅಥವಾ ಮಂತ್ರ ಆರಿಸಿಕೊಂಡಿದ್ದರೆ ಅದನ್ನು ಬದಲಾಯಿಸಿಕೊಳ್ಳಲು ಅವರಿಗೆ ಅವಕಾಶ ಕೊಡಿ, ಲೆವೆಲ್ ಏರುವವರೆಗೆ ಕಾಯಿಸಬೇಡಿ. ಹಾಳೆಯಲ್ಲಿ ಆ ರೂಲನ್ನು ಅಳಿಸದೆ ಗೆರೆ ಎಳೆದು, ಪಕ್ಕದಲ್ಲಿ ಏಕೆ ತೆಗೆದಿರಿ ಎಂದು ಬರೆದಿಡಿ. ಆರು ತಿಂಗಳ ಮೇಲೆ ಹೊಸಬರೊಬ್ಬರು ಬಂದು ಅದೇ ರೂಲನ್ನು ತರೋಣ ಎಂದಾಗ ಆ ಹಾಳೆಯನ್ನೇ ಅವರ ಕೈಗೆ ಕೊಡಬಹುದು.